ಗುಂಡುಸೂಜಿ ಆಟವೂ ಕವಿತೆಯೂ

ಪತ್ರ: ಪ್ರತಿ ಸಂಚಿಕೆಯಲ್ಲೂ ಕವಿತೆಗೆ ಎರಡು ಪುಟ ಯಾಕೆ? ಅದರಲ್ಲೂ ಅರ್ಧ ಜಾಗ ಖಾಲಿ! ಹೆಚ್ಚು ಜನರಿಗೆ ಹೆಚ್ಚು ಸುಖ ಸಿಗಬೇಕು ಅನ್ನುವ ಇಂಗ್ಲಿಷ್ ಚಿಂತಕ ಬೆಂಥಮ್ ಮಾತು ನಿಮಗೆ ಗೊತ್ತಿಲ್ಲವೇ? ಅಲ್ಲಿ ತೆರಿಗೆ, ಆರೋಗ್ಯದ ವಿಷಯ ಹಾಕಿ.
(ಹೆಸರು ಬೇಡ ಎಂದ ದಾವಣಗೆರೆಯ ಓದುಗರು)

ಸಂಪಾದಕರ ಉತ್ತರ: ಬೆಂಥಮ್‌ರನ್ನು ಕರೆದುಕೊಂಡೇ ಜಗಳಕ್ಕೆ ಬಂದಿದ್ದೀರಿ, ಸಂತೋಷ. ಕಾನೂನು, ಜೈಲು, ಶಿಕ್ಷೆಗಳ ಬಗ್ಗೆ ಅವರು ಎತ್ತಿದ ಪ್ರಶ್ನೆಗಳಿಗೆ ನಾನೂ ಕೈ ಮುಗಿಯುತ್ತೇನೆ. ಆದರೆ ಸಿಗುವ ಖುಷಿ ಒಂದೇ ಆದರೆ ಮಕ್ಕಳ ಗುಂಡುಸೂಜಿ ಆಟಕ್ಕೂ ಕವಿತೆಗೂ ಬೆಲೆ ಒಂದೇ ಅಂದವರೂ ಅವರೇ. ಗದ್ಯದ ಸಾಲು ಅಂಚಿನವರೆಗೆ ಹೋಗುತ್ತದೆ, ಪದ್ಯದ ಸಾಲು ಅರ್ಧಕ್ಕೇ ನಿಲ್ಲುತ್ತದೆ, ಅಷ್ಟೇ ವ್ಯತ್ಯಾಸ ಅಂತ ತಮಾಷೆಯನ್ನೂ ಮಾಡಿದ್ದರು. ನಿಮ್ಮ ಖಾಲಿ ಜಾಗದ ದೂರಿಗೆ ಇನ್ನೂರು ವರ್ಷ ದಾಟಿದೆ!

ಅವರ ಶಿಷ್ಯನ ಕತೆ ಕೇಳಿ. ಜಾನ್ ಸ್ಟುವರ್ಟ್ ಮಿಲ್ ಹುಟ್ಟಿದ್ದು 1806ರಲ್ಲಿ. ಅಪ್ಪ ಜೇಮ್ಸ್ ಮಿಲ್ ಬೆಂಥಮ್‌ರ ಗೆಳೆಯ. ಮಗನಿಗೆ ಮನೆಯಲ್ಲೇ ಪಾಠ. ಮೂರನೇ ವರ್ಷಕ್ಕೆ ಗ್ರೀಕ್, ಎಂಟಕ್ಕೆ ಲ್ಯಾಟಿನ್, ಹದಿನೇಳಕ್ಕೆ ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯಲ್ಲಿ ಕೆಲಸ. (ಭಾರತವನ್ನು ಕಣ್ಣಿಂದ ನೋಡದೆ 35 ವರ್ಷ ನಮ್ಮ ಕಡತ ಬರೆದರು. ಆ ಜಗಳ ಇನ್ನೊಂದು ದಿನ.) 1826ರಲ್ಲಿ, 20ರ ಹುಡುಗ ತನ್ನನ್ನೇ ಕೇಳಿಕೊಂಡ: ನಾನು ಬಯಸಿದ ಸುಧಾರಣೆಯೆಲ್ಲ ಈ ಕ್ಷಣವೇ ಆಗಿಬಿಟ್ಟರೆ ನನಗೆ ಖುಷಿಯಾಗುತ್ತಾ? ಇಲ್ಲ ಅಂದಿತು ಮನಸ್ಸು. ಅಲ್ಲಿಗೆ ಹುಡುಗ ಕುಸಿದ. ಅಪ್ಪನ ಹತ್ತಿರ ಹೇಳಿಕೊಳ್ಳುವ ಹಾಗೂ ಇಲ್ಲ, ಬೆಳೆಸಿದವರೇ ಅವರು. ಬೈರನ್ ಓದಿದ. ಆ ಕವಿಯ ಮನಸ್ಸೂ ಇವನ ಹಾಗೇ ಸೋತಿತ್ತು, ಉಪಯೋಗವಾಗಲಿಲ್ಲ. 1828ರಲ್ಲಿ ಇನ್ನೊಬ್ಬ ಇಂಗ್ಲಿಷ್ ಕವಿ ವರ್ಡ್ಸ್‌ವರ್ತ್‌ರ ಪದ್ಯಗಳು ಸಿಕ್ಕವು. ಬೆಟ್ಟಗುಡ್ಡ, ಹಳ್ಳಿಯ ಜನ, ಸದ್ದಿಲ್ಲದ ಸಂತೋಷ. ನನ್ನ ಮನಸ್ಸಿಗೆ ಅದೇ ಮದ್ದಾಯಿತು ಅಂತ ಮಿಲ್ ಆತ್ಮಕಥೆಯಲ್ಲಿ ಬರೆದಿದ್ದಾರೆ. ಕವಿತೆಯ ಗಂಧವಿಲ್ಲದವರಿಗೆ ವರ್ಡ್ಸ್‌ವರ್ತ್ ಸರಿಯಾದ ಕವಿ ಅನ್ನುವ ಮಾತೂ ಅಲ್ಲಿದೆ. ನಿಮಗೆ ಹೇಳಿ ಮಾಡಿಸಿದ ಹಾಗಿದೆ ಅಲ್ವಾ?

ಮಿಲ್ ಆಮೇಲೂ ಬೆಂಥಮ್‌ರ ದಾರಿಯನ್ನು ಪೂರ್ತಿ ಬಿಡಲಿಲ್ಲ. ಆದರೆ ಸುಖದಲ್ಲೂ ಮೇಲು ಕೀಳು ಉಂಟು ಅಂತ ತಿದ್ದಿದರು. ಆ ತಿದ್ದುಪಡಿ ನಮ್ಮವರಿಗೆ ಮಾತ್ರ ಇನ್ನೂ ತಲುಪಿಲ್ಲ. ನಮ್ಮ ಬೀದಿಯಲ್ಲಿ ಆರನೇ ಕ್ಲಾಸಿನ ಹುಡುಗ ಬೆಳಿಗ್ಗೆ ಐದಕ್ಕೇ ಕೋಚಿಂಗಿಗೆ ಹೊರಡುತ್ತಿದ್ದ. ಸುಮ್ನೆ ಓದಲಿ ಅಂತ ಒಂದು ಪದ್ಯದ ಪುಸ್ತಕ ಕೊಟ್ಟೆ. "ಪರೀಕ್ಷೆ ಮುಗೀಲಿ ಸಾರ್" ಅಂತ ಅವರಮ್ಮ ವಾಪಸ್ ತಂದುಕೊಟ್ಟರು. ಹುಡುಗ ಈಗ ಹತ್ತನೇ ಕ್ಲಾಸು. ಪುಸ್ತಕ ನನ್ನ ಮೇಜಿನ ಮೇಲೇ ಇದೆ.

ತೆರಿಗೆಗೆ ಒಂದು ಪುಟ ಕೊಡೋಣ, ಜಾಹೀರಾತಿನಿಂದ ಕಿತ್ತು. ಕವಿತೆಯ ಪುಟ ಮುಟ್ಟುವುದಿಲ್ಲ.