ಡಿಸೈನ್ ಕಂಪನಿ ಮುಖ್ಯಸ್ಥರ ಮೆಚ್ಚಿನ ವೆಬ್‌ಸೈಟ್‌ಗಳನ್ನೇ ನಾನೂ ದಿನಾ ನೋಡಬೇಕಾ?

ದೊಡ್ಡ ಡಿಸೈನ್ ಕಂಪನಿಯ ಮುಖ್ಯಸ್ಥರೊಬ್ಬರು ದಿನಾ ನೋಡುವ ಸೈಟ್‌ಗಳ ಪಟ್ಟಿ ಸಿಕ್ಕಿದೆ, ಹಾಸನದಲ್ಲಿ ಕೂತು ಅದನ್ನೇ ನೋಡುತ್ತಾ ಹೋದರೆ ಕೈ ಪಳಗುತ್ತದಾ ಎಂದು ಕೇಳಿದ್ದೀರಿ. ಪಳಗುವುದಿಲ್ಲ. ಚಿಕ್ಕಮಗಳೂರಿನಲ್ಲಿ ಕೂತು ನಾನು ಮಾಡಿದ್ದೂ ಇದನ್ನೇ.

ಆಗ ಕೆಲಸ ಹೊಸದು. ಐಜಿ ರಸ್ತೆಯ ಹಿಂದೆ ಒಂದು ಬಾಡಿಗೆ ರೂಮು, ಒಂದು ಲ್ಯಾಪ್‌ಟಾಪ್. ಬೆಳಿಗ್ಗೆ ಎದ್ದರೆ ಬಿಹ್ಯಾನ್ಸ್, ಮಧ್ಯಾಹ್ನ ಡ್ರಿಬ್ಬಲ್, ಎರಡೂ ಡಿಸೈನರ್‌ಗಳು ತಮ್ಮ ಕೆಲಸ ಹಾಕುವ ಸೈಟ್‌ಗಳು. ರಾತ್ರಿ, ಚೆಂದದ ವೆಬ್‌ಸೈಟ್‌ಗಳಿಗೆ ಬಹುಮಾನ ಕೊಡುವ, ಹೆಸರಿನಲ್ಲಿ ಮೂರು ಡಬ್ಲ್ಯೂ ಇರುವ ಆ ಅವಾರ್ಡ್ಸ್ (Awwwards) ಸೈಟು. ಬೆಂಗಳೂರಿನ ಕ್ರಿಯೇಟಿವ್ ಡೈರೆಕ್ಟರ್ ಒಬ್ಬರು ಇವನ್ನೇ ನೋಡುತ್ತಾರೆಂದು ಓದಿದ್ದೆ. ಅವರ ಕಣ್ಣು ನನಗೂ ಬರುತ್ತದೆ ಅಂತ ಗಟ್ಟಿಯಾಗಿ ನಂಬಿದ್ದೆ.

ಆಲ್ದೂರಿನ ಕಡೆಯ ಕಾಫಿ ತೋಟದವರೊಬ್ಬರು ತಮ್ಮ ಹೋಂಸ್ಟೇಗೆ ವೆಬ್‌ಸೈಟ್ ಬೇಕು ಎಂದರು. ಕನ್ನಡದಲ್ಲೂ ಇರಬೇಕು, ಇಂಗ್ಲಿಷಿನಲ್ಲೂ ಇರಬೇಕು. ನನ್ನ ಹತ್ತಿರ ಮೆಚ್ಚಿನ ಸೈಟ್‌ಗಳ ಸ್ಕ್ರೀನ್‌ಶಾಟ್ ರಾಶಿ ಇತ್ತು. ಅದರಲ್ಲಿ ಒಂದನ್ನು ತುಂಬಾ ದಿನದಿಂದ ಕಣ್ಣಿಟ್ಟು ಇಟ್ಟುಕೊಂಡಿದ್ದೆ. ಪುಟ ತೆರೆದ ಕೂಡಲೇ ದೊಡ್ಡ ದೊಡ್ಡ ಅಕ್ಷರದ ಶೀರ್ಷಿಕೆ ಕೆಳಗಿನಿಂದ ಮೇಲಕ್ಕೆ ಜಾರಿ ಬರುತ್ತದೆ. ಅದನ್ನೇ ಮಾಡಿದೆ.

ಇಲ್ಲೇ ಎಡವಿದ್ದು. ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಆ ಥರ ಅಕ್ಷರ ಜಾರಿ ಬರಬೇಕಾದರೆ ಸಾಲಿನ ಸುತ್ತ ಒಂದು ಪೆಟ್ಟಿಗೆ ಇರಬೇಕು, ಪೆಟ್ಟಿಗೆಯಿಂದ ಹೊರಗೆ ಹೋದದ್ದು ಕಾಣಬಾರದು. ಅದಕ್ಕೇ ಓವರ್‌ಫ್ಲೋ ಹಿಡನ್ ಎಂದು ಕೊಡುತ್ತೇವೆ. ಪೆಟ್ಟಿಗೆಯ ಎತ್ತರ ಎಷ್ಟು? ಲೈನ್ ಹೈಟ್, ಅಂದರೆ ಒಂದು ಸಾಲಿಗೆ ಕೊಡುವ ಎತ್ತರ, ಎಷ್ಟೋ ಅಷ್ಟು. ನಾನು ನಕಲು ಮಾಡಿದ ಸೈಟಿನಲ್ಲಿ ಅದು 0.9 ಇತ್ತು, ಅಂದರೆ ಅಕ್ಷರದ ಅಳತೆಗಿಂತಲೂ ಕಡಿಮೆ. ಇಂಗ್ಲಿಷಿನಲ್ಲಿ ನಡೆಯುತ್ತದೆ. ಪೂರ್ತಿ ಕ್ಯಾಪಿಟಲ್ ಅಕ್ಷರ ಹಾಕಿದರೆ ಸಾಲಿನ ಕೆಳಗೆ ಹೆಚ್ಚುಕಡಿಮೆ ಏನೂ ಇಳಿಯುವುದಿಲ್ಲ. ಕನ್ನಡದಲ್ಲಿ ಹಾಗಲ್ಲ. ನಮ್ಮ ಒತ್ತಕ್ಷರ ಕೂರುವುದೇ ಸಾಲಿನ ಕೆಳಗೆ. ಅದಕ್ಕೆ ತನ್ನದೇ ಜಾಗ ಬೇಕು. ಇನ್ನೂ ಒಂದು ಎಡವಟ್ಟು: ನಾನು ಆರಿಸಿದ್ದ ಫಾಂಟಿನಲ್ಲಿ ಕನ್ನಡವೇ ಇರಲಿಲ್ಲ. ಫಾಂಟಿನಲ್ಲಿ ಕನ್ನಡ ಇಲ್ಲದಿದ್ದರೆ ಬ್ರೌಸರ್ ಸುಮ್ಮನಿರುವುದಿಲ್ಲ, ಆ ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ ಇರುವ ಕನ್ನಡ ಫಾಂಟನ್ನು ತಂದು ಹಾಕುತ್ತದೆ. ಆಂಡ್ರಾಯ್ಡ್‌ನಲ್ಲಿ ಒಂದು ಥರ, ವಿಂಡೋಸ್‌ನಲ್ಲಿ ಇನ್ನೊಂದು ಥರ.

ಡಿಸೈನ್ ಪೂರ್ತಿ ಇಂಗ್ಲಿಷಿನಲ್ಲೇ ಮಾಡಿದ್ದೆ. ಕನ್ನಡವನ್ನು ಕೊನೆಗೆ ಅಂಟಿಸಿದೆ. ಅಂಟಿಸಿದ ಮೇಲೆ ಶೀರ್ಷಿಕೆಗಳನ್ನು ಒಂದೊಂದಾಗಿ ಓದಲಿಲ್ಲ. ಜಾರಿ ಬರುತ್ತಿದೆಯಾ ಅಂತಷ್ಟೇ ನೋಡಿದೆ.

ತೋಟದವರು ಫೋನ್ ಮಾಡಿದರು. "ಏನಪ್ಪಾ, ನಮ್ಮೂರಿನ ಹೆಸರೇ ತಪ್ಪಾಗಿದೆಯಲ್ಲ?" ನೋಡಿದರೆ ಚಿಕ್ಕಮಗಳೂರು ಹೋಗಿ ಚಿಕಮಗಳೂರು ಆಗಿದೆ. ಮುಳ್ಳಯ್ಯನಗಿರಿ ಮುಳಯನಗಿರಿ. ಕೆಮ್ಮಣ್ಣುಗುಂಡಿ ಕೆಮಣುಗುಂಡಿ. ಒತ್ತುಗಳೆಲ್ಲ ಕೆಳಗೆ ಕತ್ತರಿಸಿ ಹೋಗಿದ್ದವು. ಸರಿಪಡಿಸಲು ಹೆಚ್ಚು ಹೊತ್ತು ಬೇಕಾಗಿರಲಿಲ್ಲ. ಆದರೆ ಅಷ್ಟರಲ್ಲಿ ಅವರು ಲಿಂಕನ್ನು ನೆಂಟರಿಷ್ಟರಿಗೆಲ್ಲ ಕಳಿಸಿಯಾಗಿತ್ತು. ಊರಿನ ಹೆಸರು ನೋಡದ ಹುಡುಗನ ಕೈಯಲ್ಲಿ ಉಳಿದದ್ದು ಯಾಕೆ ಕೊಡಲಿ ಎಂದು ಕೆಲಸ ವಾಪಸ್ ತೆಗೆದುಕೊಂಡರು. ಅವರ ಪರಿಚಯದಿಂದ ಬರಬೇಕಿದ್ದ ಬೇರೆ ತೋಟದವರ ಕೆಲಸಗಳೂ ಬರಲಿಲ್ಲ. ಮಲೆನಾಡಿನಲ್ಲಿ ತೋಟದವರೆಲ್ಲ ಒಬ್ಬರಿಗೊಬ್ಬರು ಗೊತ್ತು. ಅವರ ಕೋಪ ನ್ಯಾಯವಾದದ್ದೇ.

ಇವತ್ತು ನನ್ನದೇ ಒಂದು ಸಣ್ಣ ಡಿಸೈನ್ ಕಂಪನಿ ಇದೆ. ಆ ಮುಖ್ಯಸ್ಥರ ಪಟ್ಟಿಯಲ್ಲಿ ಬಿಹ್ಯಾನ್ಸ್ ಯಾಕಿರುತ್ತದೆ ಅಂತ ಈಗ ಗೊತ್ತು. ಕೆಲಸಕ್ಕೆ ಯಾರನ್ನು ತೆಗೆದುಕೊಳ್ಳಬಹುದು ಎಂದು ನೋಡುವುದಕ್ಕೆ. ನಾನೂ ಅದಕ್ಕೇ ನೋಡುತ್ತೇನೆ. ಕಲಿಯುವವರ ಪಟ್ಟಿ ಬೇರೆ, ಕಂಪನಿ ನಡೆಸುವವರ ಪಟ್ಟಿ ಬೇರೆ. ಡ್ರಿಬ್ಬಲ್ ವಿಷಯವೂ ಅಷ್ಟೇ. 2009ರಲ್ಲಿ ಅದು ಶುರುವಾದಾಗ ಅಲ್ಲಿ ಹಾಕುತ್ತಿದ್ದ ಚಿತ್ರದ ಅಳತೆ 400×300 ಪಿಕ್ಸೆಲ್. ಮಾಡುತ್ತಿರುವ ಕೆಲಸದ ಒಂದು ತುಣುಕು ತೋರಿಸಲಿಕ್ಕೆ ಅಂತಲೇ ಮಾಡಿದ್ದು. ಚಿತ್ರ ಈಗ ದೊಡ್ಡದಾಗಿದೆ, ನಿಜ. ಆದರೆ ಆ ಚಿತ್ರದಲ್ಲಿ ನಿಜವಾದ ಊರಿನ ಹೆಸರು, ಉದ್ದದ ವಿಳಾಸ, ಹಳೇ ಮೊಬೈಲು, ಯಾವುದೂ ಇರುವುದಿಲ್ಲ.

ನನ್ನ ಮೆಚ್ಚಿನವು ಯಾವುವು ಎಂದರೆ ಮೊದಲು ಗೂಗಲ್ ಫಾಂಟ್ಸ್, ಉಚಿತ ಫಾಂಟ್‌ಗಳು ಸಿಗುವ ಸೈಟು. ಭಾಷೆ ಕನ್ನಡ ಎಂದು ಆರಿಸಿ, ನಿಮ್ಮದೇ ಸಾಲು ಟೈಪ್ ಮಾಡಿ. ಬಾಲೂ ತಮ್ಮ, ಅನೇಕ್ ಕನ್ನಡ, ತಿರೋ ಕನ್ನಡ, ನೋಟೋ ಸೆರಿಫ್ ಕನ್ನಡ ಎಂಬ ಫಾಂಟ್‌ಗಳೆಲ್ಲ ಪಕ್ಕಪಕ್ಕದಲ್ಲಿ ಕಾಣುತ್ತವೆ. ಅನೇಕ್‌ನಲ್ಲಿ ಅಕ್ಷರದ ದಪ್ಪ, ಅಗಲ ಎರಡನ್ನೂ ಬೇಕಾದಷ್ಟು ಹೆಚ್ಚುಕಡಿಮೆ ಮಾಡಬಹುದು. ಇದರಲ್ಲಿ ಒಂದು ತಿಂಗಳು ಕಳೆಯಿರಿ, ಯಾವ ಬಹುಮಾನದ ಸೈಟೂ ಇಷ್ಟು ಕಲಿಸುವುದಿಲ್ಲ.

ಆಮೇಲೆ ಬ್ರಿಟನ್ ಸರ್ಕಾರದ ವೆಬ್‌ಸೈಟು ಗವ್ ಡಾಟ್ ಯುಕೆ. 2012ರಲ್ಲಿ ಬಂತು, 2013ರಲ್ಲಿ ಲಂಡನ್ನಿನ ಡಿಸೈನ್ ಮ್ಯೂಸಿಯಂ ಅದಕ್ಕೆ ಆ ವರ್ಷದ ಡಿಸೈನ್ ಪ್ರಶಸ್ತಿ ಕೊಟ್ಟಿತು. ಆಡಂಬರ ಏನೂ ಇಲ್ಲ. ಜನಕ್ಕೆ ಏನು ಬೇಕು ಅನ್ನುವುದರಿಂದ ಶುರು ಮಾಡಿ ಎನ್ನುವುದು ಅವರ ಮೊದಲ ನಿಯಮ, ಅದನ್ನು ಬಹಿರಂಗವಾಗಿಯೇ ಹಾಕಿದ್ದಾರೆ. ಐಐಟಿ ಬಾಂಬೆಯವರ ಡಿಸೈನ್ ಕಲಿಕೆಯ ಸೈಟು ಡಿ'ಸೋರ್ಸ್ ಕೂಡ ನೋಡಿ, ನಮ್ಮ ದೇಶದ ಕರಕುಶಲ ಕೆಲಸಗಳ ದಾಖಲೆ ಅಲ್ಲಿದೆ. ಹಳೇ ಪುಸ್ತಕಗಳು ಸಿಗುವ ಇಂಟರ್ನೆಟ್ ಆರ್ಕೈವ್ ಸೈಟಿನಲ್ಲಿ ಬಿ. ಎಲ್. ರೈಸ್ ಅವರ ಶಾಸನಗಳ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾ ಸಿಗುತ್ತದೆ. ಐದನೇ ಸಂಪುಟ ನಿಮ್ಮ ಹಾಸನ ಜಿಲ್ಲೆಯದ್ದು, ಆರನೆಯದು ಕಡೂರು ಜಿಲ್ಲೆ, ಅಂದರೆ ಈಗಿನ ನಮ್ಮ ಚಿಕ್ಕಮಗಳೂರು. ಅದನ್ನು ನೋಡಿ ಬೇಲೂರಿಗೆ ಬಸ್ಸು ಹತ್ತಿ. ಕಲ್ಲಿನಲ್ಲಿ ಒತ್ತು ಎಷ್ಟು ಕೆಳಗೆ ಇಳಿದಿದೆ, ಎಷ್ಟು ಅಗಲ ಇದೆ ಎಂದು ನಿಂತು ನೋಡಿ. ಹಳೆಯ ಕನ್ನಡ ಶಾಸನ ಸಿಕ್ಕ ಹಲ್ಮಿಡಿ ನಿಮ್ಮ ಜಿಲ್ಲೆಯಲ್ಲೇ ಇರುವಾಗ ಅಕ್ಷರ ಕಲಿಯಲು ಬೇರೆಯವರ ಪಟ್ಟಿ ಯಾಕೆ ಬೇಕು?

ಒಂದು ಎಚ್ಚರ. ಪರೀಕ್ಷೆ ಮಾಡಲು ಹಾಸನ ಎಂದು ಟೈಪ್ ಮಾಡಬೇಡಿ, ಎಲ್ಲ ಸರಿಯಾಗಿದೆ ಅನ್ನಿಸಿಬಿಡುತ್ತದೆ. ನಿಮ್ಮ ಜಿಲ್ಲೆಯ ತಾಲ್ಲೂಕುಗಳಲ್ಲಿ ಹಾಸನ, ಆಲೂರು, ಬೇಲೂರು, ಅರಸೀಕೆರೆ, ಅರಕಲಗೂಡು, ಸಕಲೇಶಪುರ, ಹೊಳೆನರಸೀಪುರ ಯಾವುದರಲ್ಲೂ ಒತ್ತಕ್ಷರ ಇಲ್ಲ. ಚನ್ನರಾಯಪಟ್ಟಣ ಬರೆಯಿರಿ. ಜೊತೆಗೆ ರಾಷ್ಟ್ರ, ಸ್ವಾತಂತ್ರ್ಯ. ಒತ್ತಿನ ಮೇಲೆ ಒತ್ತು ಬಂದಾಗಲೇ ಸಾಲು ಎಷ್ಟು ಜಾಗ ಕೇಳುತ್ತದೆ ಎಂದು ಗೊತ್ತಾಗುವುದು. ಲೈನ್ ಹೈಟ್ 1.5ರಿಂದ ಶುರು ಮಾಡಿ, ಅಗ್ಗದ ಆಂಡ್ರಾಯ್ಡ್ ಮೊಬೈಲಿನಲ್ಲೂ ತೆರೆದು ನೋಡಿ, ಮನೆಯಲ್ಲಿ ಯಾರ ಕೈಗಾದರೂ ಕೊಟ್ಟು ಜೋರಾಗಿ ಓದಿಸಿ.