ಸ್ಟಾಪ್ ಲಾಸ್ ಹಾಕಿದ್ದರೂ ಷೇರು ಮಾರಾಟವಾಗಲಿಲ್ಲ ಏಕೆ?

ಪ್ರಶ್ನೆ: ₹500ರಂತೆ 100 ಷೇರು ಕೊಂಡು ₹480ಕ್ಕೆ ಸ್ಟಾಪ್ ಲಾಸ್ (ಬೆಲೆ ಅಷ್ಟಕ್ಕೆ ಇಳಿದರೆ ಮಾರುವ ಆರ್ಡರ್) ಹಾಕಿದ್ದೆ. ಕಂಪನಿಯ ಫಲಿತಾಂಶ ಬಂದ ಮರುದಿನ ಷೇರು ₹455ಕ್ಕೇ ತೆರೆಯಿತು, ಮಾರಾಟ ಮಾತ್ರ ಆಗಲಿಲ್ಲ. ಬ್ರೋಕರ್ ಮೋಸ ಮಾಡಿದರೇ?

ಉತ್ತರ: ಇಲ್ಲ. ತ್ರೈಮಾಸಿಕ ಫಲಿತಾಂಶಗಳು ಬಂದಾಗಲೆಲ್ಲ ಇದೇ ದೂರು ಬರುತ್ತದೆ, ತಮ್ಮ ಆರ್ಡರ್ ಏನಾಯಿತೆಂದು ಆಪ್ ತೆರೆದು ನೋಡಿದವರು ಮಾತ್ರ ಕಡಿಮೆ. ಮೊದಲು ಅದನ್ನು ನೋಡಿ. ಸಾಮಾನ್ಯ ಸ್ಟಾಪ್ ಲಾಸ್ ಆರ್ಡರ್‌ಗೆ ಒಂದೇ ದಿನದ ಆಯುಷ್ಯ, ಮಧ್ಯಾಹ್ನ 3.30ಕ್ಕೆ ಪೇಟೆ ಮುಚ್ಚಿದ ಮೇಲೆ ಅದು ರದ್ದು. ಹಲವು ದಿನ ಇಟ್ಟುಕೊಳ್ಳುವ ಷೇರಿಗೆ ಜಿಟಿಟಿ (ಗುಡ್ ಟಿಲ್ ಟ್ರಿಗರ್ಡ್, ಹಲವು ದಿನ ಚಾಲ್ತಿಯಲ್ಲಿರುವ ಆರ್ಡರ್) ಹಾಕಬೇಕು.

ಆರ್ಡರ್ ಇನ್ನೂ ಚಾಲ್ತಿಯಲ್ಲಿತ್ತು ಎಂದಾದರೆ ತಪ್ಪಿರುವುದು ಲಿಮಿಟ್‌ನಲ್ಲಿ, ಅಂದರೆ ಮಾರಲು ನೀವು ಒಪ್ಪಿದ ಕನಿಷ್ಠ ಬೆಲೆಯಲ್ಲಿ. ಟ್ರಿಗರ್ (ಆರ್ಡರ್ ಜಾರಿಗೆ ಬರುವ ಬೆಲೆ) 480, ಲಿಮಿಟ್ 478 ಇಟ್ಟರೆ, 455ಕ್ಕೆ ತೆರೆದ ಕೂಡಲೇ ಟ್ರಿಗರ್ ಆಗುತ್ತದೆ ನಿಜ. ಆದರೆ 478ಕ್ಕಿಂತ ಕಡಿಮೆಗೆ ಮಾರಬೇಡಿ ಎಂದು ನೀವೇ ಹೇಳಿದ್ದೀರಿ. 455ಕ್ಕೆ ಸಿಗುವುದನ್ನು 478 ಕೊಟ್ಟು ಯಾರು ಕೊಳ್ಳುತ್ತಾರೆ? ಟ್ರಿಗರ್‌ಗೂ ಲಿಮಿಟ್‌ಗೂ ಅಂತರ ಹೆಚ್ಚಿಸಿ, ಇಲ್ಲವೇ ಲಿಮಿಟ್ ಇಲ್ಲದೆ ಸಿಕ್ಕ ಬೆಲೆಗೆ ಮಾರುವ ಸ್ಟಾಪ್ ಲಾಸ್ ಮಾರ್ಕೆಟ್ ಆರ್ಡರ್ ಆರಿಸಿ. ಆಗಲೂ ನಿಮಗೆ ಸಿಗುವುದು 480 ಅಲ್ಲ, 455ರ ಆಸುಪಾಸು. ಲೋವರ್ ಸರ್ಕ್ಯೂಟ್‌ಗೆ (ಒಂದು ದಿನದಲ್ಲಿ ಇಳಿಯಬಹುದಾದ ಕೊನೆಯ ಮಿತಿಗೆ) ಬಿದ್ದ ಷೇರಿಗೆ ಕೊಳ್ಳುವವರೇ ಇರುವುದಿಲ್ಲ, ಅಲ್ಲಿ ಯಾವ ಆರ್ಡರೂ ಕೈಹಿಡಿಯದು.

ಹಾಗಾಗಿ ಕೊಳ್ಳುವಾಗಲೇ ಷೇರಿನ ಸಂಖ್ಯೆಗೆ ಮಿತಿ ಹಾಕಿಕೊಳ್ಳಿ. ₹2 ಲಕ್ಷ ಬಂಡವಾಳದಲ್ಲಿ ಒಂದು ವ್ಯವಹಾರಕ್ಕೆ ಶೇ 1, ಅಂದರೆ ₹2,000 ಹೋದರೂ ಪರವಾಗಿಲ್ಲ ಎನ್ನುವವರಿಗೆ, ಕೊಂಡ ಬೆಲೆಗೂ ಸ್ಟಾಪ್ ಲಾಸ್‌ಗೂ ನಡುವಿನ ₹20ರ ಅಂತರಕ್ಕೆ 100 ಷೇರು ಸರಿ. 455ಕ್ಕೆ ತೆರೆದರೆ ಅದೇ 100 ಷೇರಿನ ನಷ್ಟ ₹4,500. ಫಲಿತಾಂಶದ ಮುನ್ನಾದಿನ ₹45ರ ಅಂತರ ಹಿಡಿದು ಲೆಕ್ಕ ಹಾಕಿದರೆ 44 ಷೇರು ಮಾತ್ರ. ಇದು ಅತಿ ಎಚ್ಚರಿಕೆಯಲ್ಲ. 2024ರ ಜೂನ್ 4ರಂದು, ಲೋಕಸಭಾ ಚುನಾವಣೆಯ ಮತ ಎಣಿಕೆಯ ದಿನ, ನಿಫ್ಟಿ ಸೂಚ್ಯಂಕವೇ ಶೇ 5.9ರಷ್ಟು ಕುಸಿದಿತ್ತು, ಬಿಡಿ ಷೇರೊಂದು ಶೇ 9 ಬೀಳುವುದರಲ್ಲಿ ಆಶ್ಚರ್ಯವೇನಿದೆ?

ಪ್ರಶ್ನೆ: ಬೆಲೆ ಬಿದ್ದಾಗಲೆಲ್ಲ ಇನ್ನಷ್ಟು ಕೊಂಡು ಸರಾಸರಿ ಇಳಿಸಿಕೊಳ್ಳಬಹುದೇ?

ಉತ್ತರ: ಇಂಡೆಕ್ಸ್ ಫಂಡ್‌ನಲ್ಲಿ (ನಿಫ್ಟಿಯಂಥ ಸೂಚ್ಯಂಕದ ಎಲ್ಲ ಷೇರುಗಳಲ್ಲಿ ಹಣ ಹೂಡುವ ಫಂಡ್) ಆಗಬಹುದು. ಸಾಲದಲ್ಲಿ ಮುಳುಗಿದ ಕಂಪನಿಯಲ್ಲಿ ಖಂಡಿತ ಬೇಡ.

ಪ್ರಶ್ನೆ: ಟೆಲಿಗ್ರಾಂ ಗುಂಪಿನವರು ಆಪ್ಷನ್ಸ್‌ನಲ್ಲಿ ದಿನಕ್ಕೆ ಶೇ 5 ಲಾಭ ಖಚಿತ ಎನ್ನುತ್ತಾರೆ. ಸೇರಲೇ?

ಉತ್ತರ: ಬೇಡ, ಸೇರಿದ್ದರೆ ಇವತ್ತೇ ಹೊರಬನ್ನಿ. 2021–22ರಿಂದ 2023–24ರವರೆಗೆ ಷೇರುಪೇಟೆಯ ಎಫ್ ಆ್ಯಂಡ್ ಒ (ಮುಂದಿನ ಬೆಲೆಯ ಮೇಲಿನ ಒಪ್ಪಂದಗಳಾದ ಫ್ಯೂಚರ್ಸ್ ಮತ್ತು ಆಪ್ಷನ್ಸ್) ವಿಭಾಗದಲ್ಲಿ ವಹಿವಾಟು ನಡೆಸಿದ ವ್ಯಕ್ತಿಗಳಲ್ಲಿ ಶೇ 93 ಮಂದಿ ಹಣ ಕಳೆದುಕೊಂಡಿದ್ದಾರೆಂದು ಷೇರುಪೇಟೆ ನಿಯಂತ್ರಕ ಸಂಸ್ಥೆ ಸೆಬಿಯ ಅಧ್ಯಯನವೇ ಹೇಳಿದೆ. ಸಲಹೆ ಕೊಡುವವರ ನೋಂದಣಿ ಸಂಖ್ಯೆ ಕೇಳಿ, ಅದನ್ನು ಸೆಬಿ ಜಾಲತಾಣದಲ್ಲಿ ನೀವೇ ಹುಡುಕಿ. ಅವರು ಕಳಿಸುವ ಸರ್ಟಿಫಿಕೇಟ್ ಫೋಟೊ ನಂಬಬೇಡಿ.