ಎಲ್ಲ ಪ್ರಾಜೆಕ್ಟೂ ತಡವಾದಾಗ ಜನ ಸೇರಿಸಬೇಕಾ?

12 ಪ್ರಾಜೆಕ್ಟ್ ಒಟ್ಟಿಗೆ ನಡೆಯುತ್ತಿವೆ, ವರ್ಷಕ್ಕೆ 4 ಮುಗಿಯುತ್ತವೆ, ಎಲ್ಲವೂ ಟೆಸ್ಟಿಂಗ್‌ನಲ್ಲಿ ಕಾಯುತ್ತವೆ, ಇನ್ನಷ್ಟು ಡೆವಲಪರ್‌ಗಳು ಬೇಕಾ ಅಂತ ಕೇಳಿದ್ದೀರಿ. ಬೇಡ ಸರ್.

ಅಮೆರಿಕದ ಸಂಶೋಧಕ ಜಾನ್ ಲಿಟಲ್ 1961ರಲ್ಲಿ ಸಾಬೀತು ಮಾಡಿದ ಒಂದು ನಿಯಮವಿದೆ. ಕೈಯಲ್ಲಿರುವ ಕೆಲಸಗಳನ್ನು ಮುಗಿಯುವ ವೇಗದಿಂದ ಭಾಗಿಸಿದರೆ ಒಂದೊಂದಕ್ಕೆ ಹಿಡಿಯುವ ಸರಾಸರಿ ಸಮಯ ಸಿಗುತ್ತದೆ. ನಿಮ್ಮಲ್ಲಿ ಅದು 3 ವರ್ಷ! ಒಮ್ಮೆಗೆ 6 ಮಾತ್ರ ಇಟ್ಟುಕೊಳ್ಳಿ. ವೇಗ ಹಾಗೇ ಇದ್ದರೂ ಅದು ಒಂದೂವರೆ ವರ್ಷಕ್ಕೆ ಇಳಿಯುತ್ತದೆ. ಉಳಿದವನ್ನು ಸುಮ್ನೆ ಪಕ್ಕಕ್ಕಿಡಿ. (ಬಾಸ್ ಒಪ್ಪುವುದು ಕಷ್ಟ, ಅಲ್ವಾ?)

ಯಾವ 6 ಅಂದರೆ, ಬರೀ ಲಾಭ ನೋಡಬೇಡಿ. ಪ್ರತಿ ಪ್ರಾಜೆಕ್ಟ್‌ನಿಂದ, ಅದು ತೆಗೆದುಕೊಳ್ಳುವ ಟೆಸ್ಟಿಂಗ್‌ನ ಒಂದು ವಾರಕ್ಕೆ ಎಷ್ಟು ಲಾಭ ಬರುತ್ತದೆ ಅಂತ ನೋಡಿ. ಇಕ್ಕಟ್ಟು ಇರುವುದು ಅಲ್ಲೇ. ಡೆವಲಪರ್‌ಗಳು ಜಾಸ್ತಿಯಾದರೆ ಆ ಸಾಲು ಇನ್ನೂ ಉದ್ದವಾಗುತ್ತದೆ, ಅಷ್ಟೇ. ಜನ ತೆಗೆದುಕೊಳ್ಳಲೇಬೇಕಾದರೆ ಟೆಸ್ಟಿಂಗ್‌ಗೆ ತೆಗೆದುಕೊಳ್ಳಿ.